ಹತ್ತನೆಯ ವಿದ್ಯಾರ್ಥಿನಿ

ಭಾನುವಾರ, ಜೂನ್ ೧೪

ಪ್ರೀತಿಯ ಪುಟ್ಟಿಗೆ, ಹಾಗೂ ಭೂವಿಜ್ಞಾನ ವಿಭಾಗದ ಮುಖ್ಯಸ್ಥರಿಗೆ,

ಮೊದಲನೆಯವಳಿಗೆ ಅಮ್ಮನ ಆಶೀರ್ವಾದ, ಎರಡನೆಯವರಿಗೆ ವಿದ್ಯಾರ್ಥಿನಿಯ ನಮಸ್ಕಾರ. ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂರುವುದರಿಂದ ಒಂದೇ ಕಾಗದದಲ್ಲಿ ಮುಗಿಸುತ್ತಿದ್ದೇನೆ. ವಿಭಾಗದ ವಿಷಯ ಊಟದ ಮೇಜಿಗೆ ತರಬೇಡ, ಏನಿದ್ದರೂ ಬರೆದು ಕೊಡಮ್ಮ ಅಂತ ನೀನೇ ಅಂದೆ. ಅಂದವಳು ಮುಖ ಊದಿಸಿಕೊಂಡು ಕೂತೆ. ಒಂದು ವಾರದಿಂದ ಉಪ್ಪು ಕೊಡು, ನೀರು ಕೊಡು ಬಿಟ್ಟರೆ ಮನೆಯಲ್ಲಿ ಬೇರೆ ಮಾತಿಲ್ಲ. ಸರಿ, ಬರೆದಿದ್ದೇನೆ. ನಾಳೆ ನಿನ್ನ ಟಪಾಲಿನ ಜೊತೆ ಬರುತ್ತದೆ, ಪುರುಸೊತ್ತಾದಾಗ ಓದಿಕೋ.

ನಡೆದದ್ದನ್ನು ನಡೆದ ಹಾಗೆ ಹೇಳುವುದು ನನ್ನ ಅಭ್ಯಾಸ, ನಿನಗೆ ಗೊತ್ತು. ಎರಡು ವರ್ಷದ ಹಿಂದೆ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಸರ್ಕಾರದ ಅನುದಾನ ಇಳಿದಿದೆ, ಎಂ.ಎಸ್ಸಿ.ಗೆ ಹತ್ತು ಜನ ಸೇರದ ವಿಭಾಗವನ್ನು ಇನ್ನೊಂದರ ಜೊತೆ ಸೇರಿಸಿಬಿಡುತ್ತೇವೆ ಅಂತ. ನಿನ್ನಲ್ಲಿ ಸೇರಿದ್ದವರು ಒಂಬತ್ತು. ಪ್ರವೇಶದ ಕೊನೆಯ ದಿನ ನೀನು ಚಪ್ಪಲಿ ಕೂಡ ಬಿಡದೆ ಒಳಗೆ ಬಂದು ನನ್ನ ಬೀರು ತೆಗೆದೆ. ಬಿ.ಎಸ್ಸಿ. ಸರ್ಟಿಫಿಕೇಟ್ ಎಲ್ಲಿ ಅಂತ ಕೇಳಿದೆ. ನಿನ್ನದನ್ನು ಹುಡುಕುತ್ತಿದ್ದೀಯ ಅಂದುಕೊಂಡೆ ನಾನು. ಬೇಕಾಗಿದ್ದದ್ದು ನನ್ನದು! ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವಳು ನಾನು. ಊರು ಹೋಗು ಅನ್ನುವ, ಕಾಡು ಬಾ ಅನ್ನುವ ವಯಸ್ಸಿನಲ್ಲಿ ಎಂ.ಎಸ್ಸಿ. ಅಂದರೆ ನಗು ಬಂತು. ಬರೀ ಹೆಸರಿಗೆ ಅಮ್ಮ, ಕ್ಲಾಸಿಗೆ ಬರೋದೇನೂ ಬೇಡ, ಪರೀಕ್ಷೆ ಹೇಗೋ ಬರೆದುಬಿಡು ಅಂದೆ ನೀನು.

ನಿನ್ನ ಲೆಕ್ಕ ತಪ್ಪಿದ್ದು ಅಲ್ಲೇ. ಹಾಜರಿ ಕೂಗುವಾಗ ಜಾಗದಲ್ಲಿ ಇಲ್ಲದಿರುವುದು ಹೇಗೆ ಅನ್ನುವುದು ನನಗೆ ಈ ಜನ್ಮಕ್ಕೆ ತಿಳಿಯಲಿಲ್ಲ. ಮೊದಲ ದಿನವೇ ಬಂದು ಹಿಂದಿನ ಬೆಂಚಿನಲ್ಲಿ ಕಿಟಕಿ ಪಕ್ಕ ಕೂತೆ. ನನ್ನನ್ನು ನೋಡಿ ನೀನು ಹಿಡಿದಿದ್ದ ಚಾಕ್‌ಪೀಸು ಕೆಳಗೆ ಬಿತ್ತು. ಮಕ್ಕಳು ಮೊದಮೊದಲು ಆಂಟಿ ಅಂದರು, ಸಲಿಗೆ ಬಂದ ಮೇಲೆ ಅಜ್ಜಿ ಅಂದರು, ಪರೀಕ್ಷೆ ಹತ್ತಿರ ಬಂದು ನನ್ನ ನೋಟ್ಸ್ ಬೇಕಾದಾಗ ಮೇಡಂ ಅಂದರು. ಲೋಕ ಇರುವುದೇ ಹಾಗೆ.

ಮನೆಯಲ್ಲಿ ಕೂತಿದ್ದಾಗ ನನ್ನ ಮಗಳು ಪ್ರೊಫೆಸರ್, ಕೈಗೊಂದು ಕಾಲಿಗೊಂದು ಆಳು ಅಂದುಕೊಂಡಿದ್ದೆ. ಬೆಂಚಿನಲ್ಲಿ ಕೂತ ಮೇಲೆ ಗೊತ್ತಾಯಿತು. ಜವಾನ ರಿಟೈರ್ ಆದ ಮೇಲೆ ಆ ಜಾಗಕ್ಕೆ ಯಾರನ್ನೂ ಕೊಟ್ಟಿಲ್ಲ, ಬೆಳಿಗ್ಗೆ ಬೀಗ ತೆಗೆಯುವವಳೂ ನೀನೇ, ಕಲ್ಲಿನ ಮಾದರಿಗಳ ಧೂಳು ಒರೆಸುವವಳೂ ನೀನೇ. ಅತಿಥಿ ಉಪನ್ಯಾಸಕನಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ, ಅವನು ಬೇರೆ ಕೆಲಸಕ್ಕೆ ಸಂದರ್ಶನ ಅಂತ ಹೋದ ದಿನ ಅವನ ಪಾಠವೂ ನಿನ್ನ ತಲೆ ಮೇಲೆ. ಮಿಕ್ಕ ಹೊತ್ತೆಲ್ಲ ಗುಣಮಟ್ಟ ಕೋಶಕ್ಕೆ ವರದಿ. ಆ ಕೋಶಕ್ಕೆ ಗಾಜಿನ ಬಾಗಿಲು, ಏಸಿ, ಮೂಲೆಯಲ್ಲಿ ಪ್ಲಾಸ್ಟಿಕ್ ಗಿಡ. ನಮ್ಮ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಲೆನ್ಸಿಗೆ ಬೂಷ್ಟು. ಪಾಠ ಮಾಡುವುದಕ್ಕಿಂತ ಪಾಠ ಮಾಡಿದೆ ಅಂತ ತೋರಿಸುವ ಕೆಲಸವೇ ಜಾಸ್ತಿ, ಮೂಗಿಗಿಂತ ಮೂಗುತಿ ಭಾರ. ಎಷ್ಟೋ ದಿನ ನೀನು ಊಟದ ಡಬ್ಬಿಯನ್ನು ಹಾಗೇ ವಾಪಸು ತಂದು, ಕ್ಯಾಂಟೀನಿನಲ್ಲಿ ತಿಂದೆ ಅಂತ ಸುಳ್ಳು ಹೇಳಿದ್ದೀಯ. ಹಿಂದಿನ ಬೆಂಚಿನಿಂದ ಎಲ್ಲ ಕಾಣುತ್ತದೆ.

ಆದರೆ ಏನೂ ಕೇಳಿಸುವುದಿಲ್ಲ. ಬೋರ್ಡಿನ ಕಡೆ ತಿರುಗಿಕೊಂಡು ಮಾತಾಡುತ್ತೀಯ, ಅರ್ಧ ಪಾಠ ಬೋರ್ಡಿಗೇ ಹೋಗುತ್ತದೆ. ಎರಡು ವರ್ಷ ಇದನ್ನೇ ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ಇನ್ನು ಆ ಪ್ರಾಯೋಗಿಕ ಪರೀಕ್ಷೆ. ನೀನು ಕೊಟ್ಟ ಕಲ್ಲನ್ನು ನಾನು ತಪ್ಪು ಗುರುತಿಸಿ, ಲೆನ್ಸೇ ಸರಿಯಿಲ್ಲ ಅಂದೆ. ನೀನು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಎಲ್ಲರ ಮುಂದೆ ಅಂದು ಸೊನ್ನೆ ಸುತ್ತಿದೆ. ಹೆತ್ತ ತಾಯಿಗೆ! ಆ ದಿನ ಸಂಜೆ ನಾನು ಅಡುಗೆ ಮಾಡಲಿಲ್ಲ, ನೆನಪಿರಬೇಕು. ಆದರೂ ಪಾಸಾದೆ, ಎರಡನೇ ದರ್ಜೆ. ಒಂದು ಅಂಕವೂ ದಾನದ್ದಲ್ಲ.

ಇನ್ನು ಜಗಳದ ವಿಷಯ. ಹೊಸ ಸುತ್ತೋಲೆಯ ಪ್ರಕಾರ ಸೇರಿದರೂ ಸಾಲದು, ಪಾಸಾದರೂ ಸಾಲದು, ಪಾಸಾದ ಪ್ರತಿಯೊಬ್ಬರಿಗೂ ಓದಿದ ವಿಷಯದಲ್ಲೇ ಈ ತಿಂಗಳ ಕೊನೆಯೊಳಗೆ ಕೆಲಸ ಸಿಕ್ಕಿರಬೇಕು. ಒಬ್ಬರು ಖಾಲಿ ಕೂತರೂ ಭೂವಿಜ್ಞಾನ ಹೋಗಿ ವ್ಯವಹಾರ ನಿರ್ವಹಣೆಯ ಒಂದು ಕೊಠಡಿಯಾಗುತ್ತದೆ. ನೀನು ಕಂಡವರಿಗೆಲ್ಲ ಫೋನ್ ಮಾಡಿ, ಕಾಡಿ ಬೇಡಿ ಒಂಬತ್ತು ಮಕ್ಕಳಿಗೂ ಕೆಲಸ ಕೊಡಿಸಿದೆ. ಉಳಿದವಳು ನಾನು. ವಿಭಾಗ ಉಳಿಯಲಿ ಅಂತ ನೀನು ಕರೆತಂದವಳೇ ಅದರ ಕುತ್ತಿಗೆಗೆ ಬಂದಳು. ಕುಲಸಚಿವರನ್ನು ಕೇಳಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ನಿಯಮ ನಿಯಮವೇ, ಆದರೆ ನೀವೂ ಜಾಣರಿದ್ದೀರಿ ಅಂದರಂತೆ. ಆ ಜಾಣತನವನ್ನು ನೀನು ಮನೆಗೆ ತಂದೆ. ನಿನ್ನನ್ನು ಖಾಸಗಿ ಸಂಸ್ಥೆಯೊಂದರ ಸಲಹೆಗಾರ್ತಿ ಅಂತ ಬರೆಯುತ್ತೇನೆ, ಒಂದು ಸಹಿ ಹಾಕಮ್ಮ ಅಂದೆ. ನಾನು ಹಾಕಲಿಲ್ಲ.

ನಿನ್ನ ಹಟದಿಂದ ವಿಭಾಗ ಮುಚ್ಚುತ್ತೆ ಅಂತ ಅತ್ತೆ ನೀನು. ಸುಳ್ಳು ಬರೆದು ಉಳಿಸುವ ವಿಭಾಗ ಮುಚ್ಚಿದರೇ ಒಳ್ಳೆಯದು ಅಂದುಬಿಟ್ಟೆ ನಾನು. ಸಹಿ ಹಾಕದ್ದಕ್ಕೆ ನನಗೆ ಬೇಜಾರಿಲ್ಲ. ಆ ಮಾತಿಗೆ ಬೇಜಾರಿದೆ, ತುಂಬ ಬೇಜಾರಿದೆ.

ಮಾರನೆಯ ದಿನದಿಂದ ಬೆಳಿಗ್ಗೆ ನಾನು ಮನೆಯಿಂದ ಹೊರಡುತ್ತಿದ್ದದ್ದು ವಾಕಿಂಗಿಗಲ್ಲ. ಕೆಲಸ ಹುಡುಕುತ್ತಿದ್ದೆ. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಮುಂದಿನ ಮೇಜಿನ ಹುಡುಗಿ, ಮೊಮ್ಮಗನ ಅರ್ಜಿ ಇಲ್ಲಿಟ್ಟು ಹೋಗಿ ಅಜ್ಜಿ ಅಂದಳು. ಬೋರ್‌ವೆಲ್ ಕಂಪನಿಯವನು ಕೂರಿಸಿ ಟೀ ಕೊಟ್ಟು, ಆಮೇಲೆ ಎದ್ದೇ ಹೋದ. ಕೊನೆಗೆ ಬಸ್ ಡಿಪೋ ಹಿಂದಿನ ರಸ್ತೆಯಲ್ಲಿ ಗ್ರಾನೈಟ್, ಮಾರ್ಬಲ್ ಮಾರುವ ಅಂಗಡಿಗೆ ಹೋದೆ. ಯಜಮಾನ ನನ್ನ ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿ, ಎಷ್ಟು ಚಪ್ಪಡಿ ಎತ್ತುತ್ತೀರಿ ಅಂತ ಕೇಳಿ ನಕ್ಕ.

ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಬಂದು, ಅಡುಗೆಮನೆ ಕಟ್ಟೆಗೆ ಅಂತ ಬಿಳಿ ಕಲ್ಲೊಂದನ್ನು ಆರಿಸಿದರು. ನನಗೆ ತಡೆಯಲಾಗಲಿಲ್ಲ. ಅಮೃತಶಿಲೆ ಚೆಂದವೇ, ಆದರೆ ನಿಂಬೆರಸ ಬಿದ್ದ ಕಡೆಯೆಲ್ಲ ಕಲೆ ಕಚ್ಚುತ್ತೆ ಅಂದೆ. ಕೈಚೀಲದಲ್ಲಿದ್ದ ನಿಂಬೆಹಣ್ಣನ್ನು ಕೊಯ್ದು, ಮೂಲೆಯಲ್ಲಿ ಬಿದ್ದಿದ್ದ ಚೂರಿನ ಮೇಲೆ ಹಿಂಡಿ ತೋರಿಸಿದೆ. ಸಣ್ಣಗೆ ನೊರೆ ಬಂತು. ನನ್ನ ಹೊಟ್ಟೆ ಮೇಲೆ ಹೊಡೀತೀರಲ್ಲಮ್ಮ ಅಂತ ಯಜಮಾನ ಹಲ್ಲು ಕಡಿದ. ಅವರು ಬಿಳಿಯದನ್ನು ಬಿಟ್ಟು, ಅದಕ್ಕಿಂತ ಹೆಚ್ಚು ಬೆಲೆಯ ಕರಿ ಕಲ್ಲನ್ನು ಕೊಂಡು ಹೋದರು. ಯಜಮಾನ ಕಡಿದ ಹಲ್ಲು ಬಿಟ್ಟು ನಕ್ಕ. ನಾಳೆಯಿಂದ ಬನ್ನಿ ಅಂದ.

ಒಂದೇ ತಕರಾರು ಬಂತು. ಅವನು ಕರಿ ಗ್ರಾನೈಟ್ ಅಂತ ಮಾರುವುದು ಗ್ರಾನೈಟೇ ಅಲ್ಲ, ಡೋಲರೈಟ್ ಅನ್ನುವ ಬೇರೆಯೇ ಜಾತಿಯ ಕಲ್ಲು. ಹೇಳಿದೆ. ಗಿರಾಕಿಗಳ ಮುಂದೆ ಆ ಮಾತು ಎತ್ತಿದರೆ ಅವತ್ತೇ ಮನೆಗೆ ಅಂದ. ಸುಳ್ಳು ಹೇಳಲು ನನ್ನಿಂದ ಆಗದು, ಕೆಲಸ ಬಿಡಲೂ ಆಗದು. ಯೋಚನೆ ಮಾಡಿ, ಇದನ್ನು ಅಂಗಡಿಗಳಲ್ಲಿ ಕರಿ ಗ್ರಾನೈಟ್ ಅಂತ ಕರೀತಾರೆ ಅಂತ ಹೇಳುತ್ತೇನೆ ಅಂದೆ. ಒಪ್ಪಿದ. ಅದರಲ್ಲಿ ಸುಳ್ಳು ಎಲ್ಲಿದೆ, ನೀನೇ ಹೇಳು.

ಕೆಲಸದ ಆದೇಶ ಇದರ ಜೊತೆಗಿದೆ, ಅಂಗಡಿಯ ಮೊಹರೂ ಇದೆ. ಹುದ್ದೆ: ಕಲ್ಲು ಪರೀಕ್ಷಕಿ. ಸಂಬಳ ತಿಂಗಳ ಮೊದಲನೇ ತಾರೀಖಿಗೇ ಕೊಡುತ್ತಾನಂತೆ. ಪಾಪ, ನಿನ್ನ ಅತಿಥಿ ಉಪನ್ಯಾಸಕನಿಗೆ ಇದನ್ನು ಹೇಳಬೇಡ, ಅವನೂ ಇಲ್ಲಿಗೇ ಬಂದಾನು. ಈಗ ನಿನ್ನ ಗಾಜಿನ ಕೋಣೆಯವರು ಬಂದು ನೋಡಲಿ, ಅಂಗಡಿಯಲ್ಲಿ ಎರಡು ಕುರ್ಚಿ ಖಾಲಿ ಇವೆ. ಮುಂದಿನ ವರ್ಷ ಇನ್ನೊಂದು ನಿಯಮ ತರುತ್ತಾರೆ, ಅದು ನನಗೂ ಗೊತ್ತು, ನಿನಗೂ ಗೊತ್ತು. ಆಗಿನದು ಆಗ. ಪಿಎಚ್.ಡಿ.ಗೆ ಮಾತ್ರ ನನ್ನನ್ನು ಕರೆಯಬೇಡ.

ನಾಳೆ ಡಬ್ಬಿ ಖಾಲಿಯಾಗಿ ಬರಲಿ.

ಇತಿ,
ನಿನ್ನ ಅಮ್ಮ
(ಹಿಂದಿನ ಬೆಂಚು, ಕಿಟಕಿ ಪಕ್ಕ)

ಬರೆಯಲೋ ಬೇಡವೋ ಅಂದುಕೊಂಡು ಬಿಟ್ಟಿದ್ದು: ಆದೇಶಕ್ಕೆ ಮೊಹರು ಒತ್ತುವಾಗ ಯಜಮಾನ, ಇಷ್ಟೆಲ್ಲ ಯಾರು ಹೇಳಿಕೊಟ್ಟರು ಅಂತ ಕೇಳಿದ. ಮಗಳು ಅನ್ನಬಹುದಿತ್ತು, ಬಾಯಿಗೆ ಬರಲಿಲ್ಲ. ನಮ್ಮ ಮೇಡಂ ಅಂದೆ. ಪಾಠ ಹೇಗೆ ಮಾಡ್ತಾರೆ ಅಂದ. ಹಿಂದಿನ ಬೆಂಚಿನವರೆಗೂ ಕೇಳಿಸುತ್ತೆ ಅಂದೆ.