ಹಸಿರುಳಿದ ಒಂದು ಪೊದೆ

ಸೆಪ್ಟೆಂಬರ್ ೧೪, ಭಾನುವಾರ. ಜೊಂಗು.

ಹಿಶೆಗೆ ಇನ್ನೂ ಹೇಳಿಲ್ಲ.

ಹಿಶೆಯ ತಾಯಿ, ನನ್ನ ಅತ್ತೆ, ನೆಟ್ಟ ಒಂದೇ ಬುಡದಿಂದ ಕಂದು ಕಿತ್ತು ಇಡೀ ಇಳಿಜಾರು ತುಂಬಿಸಿದ್ದೆವು. ಎಲ್ಲವೂ ಒಂದೇ ರಕ್ತದ ಏಲಕ್ಕಿ. ಗಿಡ್ಡ ರೋಗ ಬಂದಾಗ ಒಂದೂ ತಡೆಯಲಿಲ್ಲ. ಬುಡದ ಸುತ್ತ ಹುಲ್ಲಿನಂಥ ಕುಳ್ಳ ಮೊಳಕೆಗಳು ಎದ್ದವು, ಕಾಯಿ ಬಿಡುವುದು ನಿಂತಿತು. ಇಡೀ ತೋಟವನ್ನೇ ಕಿತ್ತು ಸುಟ್ಟೆವು. ಉಳಿದದ್ದು ತೊರೆಯ ಪಕ್ಕ ಹಕ್ಕಿ ಹಾಕಿದ ಬೀಜದಿಂದ ಹುಟ್ಟಿದ ಪೊದೆಯೊಂದೇ. ಒರಟು ಎಲೆ, ಸಣ್ಣ ಕಾಯಿ. ಕೊಳ್ಳುವವರು ಮೂಸಿಯೂ ನೋಡದ ಆ ಕಾಯಿಯನ್ನು ಅತ್ತೆ ಕೆಮ್ಮಿಗೆ ಕುದಿಸಿ ಕೊಡುತ್ತಿದ್ದರು.

"ಈ ಪೊದೇನ ಕುರೂಪಿ ಅಂತ ಬೈತಿದ್ದೆನಲ್ಲೇ ನಿಮ್ಕಿತ್, ಈಗ ಇದೇ ನಮ್ಮನ್ನ ಸಾಕೋದು," ಎಂದ ಹಿಶೆ ಬೆಳಿಗ್ಗೆ. "ಇದರ ಜಾತೀನೇ ಬೇರೆ. ನಾಳೆ ಕಂದು ಬಿಡಿಸಿ ನೆಡೋಣ."

"ಅಷ್ಟೊಂದು ಅವಸರ ಯಾಕೆ?"

"ನಿಂಗೆ ಯಾವಾಗ್ಲೂ ಅನುಮಾನ ಕಣೇ."

ಸಂಜೆ ಒಬ್ಬಳೇ ಹೋಗಿ ಆ ಪೊದೆಯ ಬುಡದ ತರಗೆಲೆ ಸರಿಸಿದೆ. ಹುಲ್ಲಿನಂಥ ಮೂರು ಮೊಳಕೆ. ಚಿವುಟಿ ತೊರೆಗೆ ಎಸೆದು ತರಗೆಲೆ ಮುಚ್ಚಿ ಬಂದೆ. ಚಿವುಟಿದರೆ ಹೋಗುವ ರೋಗವಲ್ಲ, ನನಗೆ ಗೊತ್ತಿಲ್ಲವೇ.

ಅವನು ಒಲೆಯ ಮುಂದೆ ಗುದ್ದಲಿಗೆ ಹಿಡಿ ಹಾಕುತ್ತ ಹಾಡುತ್ತಿದ್ದಾನೆ. ತೋಟ ಸುಟ್ಟ ದಿನದಿಂದ ಹಾಡಿರಲಿಲ್ಲ. ಈ ಹಾಡು ಮುಗಿಯಲಿ, ಹೇಳಿಬಿಡುತ್ತೇನೆ.

ಮುಗಿಯಿತು. ಇನ್ನೊಂದು ಶುರುಮಾಡಿದ.