ಅಮ್ಮನ ಲಾರಿ ಲ್ಯಾಪ್‌ಟಾಪಿಗೆ ಬಂದದ್ದು

ಭಾನುವಾರ, ಜೂನ್ 14

ನನ್ನ ಮುದ್ದು ಪುಟ್ಟಿಗೆ,

ನಾವಿಬ್ಬರೂ ಇದ್ದುದರಲ್ಲಿ ಚೆನ್ನಾಗಿದ್ದೇವೆ. ನಿನ್ನ ಪತ್ರ ಬಂದು ತಿಂಗಳು ದಾಟಿತು. ಉತ್ತರ ಬರೆಯಲು ಕೂತಾಗಲೆಲ್ಲ ಎರಡು ಸಾಲಿಗೇ ಪೆನ್ನು ನಿಂತುಬಿಡುತ್ತಿತ್ತು; ಕೋಪ ಮಾಡಿಕೊಳ್ಳಬೇಡ. ಇವತ್ತು ದೊಡ್ಡ ಸುದ್ದಿಯೇ ಇದೆ. ನಿನ್ನ ಅಮ್ಮ ತನ್ನ ಗೇಮಿಂಗ್ ಕಂಪ್ಯೂಟರನ್ನು ಕೊಟ್ಟು ಲ್ಯಾಪ್‌ಟಾಪ್ ತಂದಿದ್ದಾಳೆ!

ಕಾಲೇಜಿನ ಲ್ಯಾಬ್ ಕೆಲಸದಿಂದ ನಿವೃತ್ತಳಾದ ವರ್ಷ, ಒಂದೊಂದೇ ಭಾಗ ತಂದು ಊಟದ ಮೇಜಿನ ಮೇಲೆ ಅವಳೇ ಜೋಡಿಸಿದ ಯಂತ್ರ ಅದು. ನನಗೆ ಧೂಳು ಒರೆಸಲೂ ಬಿಡುತ್ತಿರಲಿಲ್ಲ. ಆದರೆ ಡಯಾಲಿಸಿಸ್ ಶುರುವಾದ ಮೇಲೆ ನಿನಗೇ ಗೊತ್ತಲ್ಲ, ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಆಸ್ಪತ್ರೆಯ ಹಾಸಿಗೆ. ಮನೆಗೆ ಬಂದರೆ ಕುರ್ಚಿಯಲ್ಲಿ ಕೂರುವಷ್ಟೂ ತ್ರಾಣವಿಲ್ಲ. ಮೂರು ತಿಂಗಳು ಆ ಕಂಪ್ಯೂಟರಿಗೆ ಹಳೇ ದುಪ್ಪಟಿ ಹೊದಿಸಿಯೇ ಇತ್ತು. ಒಂದು ಬೆಳಿಗ್ಗೆ ಅದನ್ನು ಸರಿಸಿ, "ರೀ, ನನಗಂತೂ ಇದರ ಹತ್ರ ಬರೋಕಾಗ್ತಿಲ್ಲ. ಆಟಾನೇ ನನ್ನ ಹತ್ರ ಬರ್ಲಿ" ಎಂದಳು.

ಅಂಗಡಿಯವನು ಪಕ್ಕದ ಮುಚ್ಚಳ ಬಿಚ್ಚಿ ನೋಡಿ ಬೆರಗಾದ.

"ವೈರೆಲ್ಲ ಜಡೆ ಹೆಣೆದಂಗೆ ಕಟ್ಟಿದಾರಲ್ಲಮ್ಮ! ಯಾರು, ನಿಮ್ಮ ಮಗನಾ?"

"ನಾನೇ."

"ಹೌದಾ! ಲ್ಯಾಪ್‌ಟಾಪು ಮೊಮ್ಮಕ್ಕಳಿಗಾ ಹಾಗಾದ್ರೆ?"

"ಅದೂ ನನಗೇ. ಗ್ರಾಫಿಕ್ಸ್ ಯಾವುದಿದೆ ಅನ್ನೋದನ್ನ ಮೊದಲು ಹೇಳಪ್ಪ."

ಆಮೇಲೆ ಅವರಿಬ್ಬರೂ ಒಂದು ಗಂಟೆ ಏನೇನೋ ಮಾತಾಡಿದರು. ನಾನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ಎಷ್ಟು ದಿನವಾಗಿತ್ತು, ಆ ಮುಖದಲ್ಲಿ ಅಂಥ ಹುರುಪು ಕಂಡು! ಹಳೆಯದನ್ನು ಒಳಗೆ ಒಯ್ಯುವಾಗ ಮಾತ್ರ ಅದರ ತಲೆ ಮೇಲೊಮ್ಮೆ ಕೈಯಾಡಿಸಿದಳು.

ಹಳೆಯದರಷ್ಟು ಸಲೀಸಾಗಿ ಇದು ಓಡುವುದಿಲ್ಲ. ಪರದೆ ಚಿಕ್ಕದು, ಬಿಸಿಯಾದರೆ ಫ್ಯಾನು ಗೊರಕೆ ಹೊಡೆಯುತ್ತದೆ. ಅವಳ ಆ ಲಾರಿ ಓಡಿಸುವ ಆಟದಲ್ಲಿ ನೆರಳು ಬೇಡ, ದೂರದ ಮರ ಬೇಡ ಎಂದು ಒಂದೊಂದನ್ನೇ ಕಡಿಮೆ ಮಾಡಿಕೊಂಡಳು. "ರಸ್ತೆ ಕಂಡ್ರೆ ಸಾಕು ಬಿಡ್ರಿ" ಎಂದಳು. ಈಗ ಅದನ್ನು ಆಸ್ಪತ್ರೆಗೇ ಒಯ್ದು ಡಯಾಲಿಸಿಸ್ ಹೊತ್ತಿನಲ್ಲಿ ಆಡುತ್ತಾಳೆ. ಸೂಜಿ ಚುಚ್ಚಿದ ಎಡಗೈ ಅಲ್ಲಾಡಿಸುವ ಹಾಗಿಲ್ಲವಲ್ಲ, ಗೇರು, ಬ್ರೇಕು, ಹಾರನ್ನು ಎಲ್ಲವನ್ನೂ ಮೌಸಿನ ಗುಂಡಿಗಳಿಗೇ ಒಪ್ಪಿಸಿದ್ದಾಳೆ. ಹದಿನೆಂಟು ಚಕ್ರದ ಲಾರಿಯನ್ನು ಒಂದೇ ಕೈಯಲ್ಲಿ ಗೋದಾಮಿನ ಬಾಗಿಲಿಗೆ ರಿವರ್ಸ್ ಹಾಕುತ್ತಾಳೆ, ಪುಟ್ಟಿ! ಮೂವತ್ತು ವರ್ಷ ನಿಜವಾದ ಲಾರಿ ಓಡಿಸಿದ ನನಗೆ ಎರಡು ಕೈ, ಎರಡು ಕಾಲು, ಜೊತೆಗೆ ಹಿಂದೆ ನಿಂತು ಕೂಗುವ ಕ್ಲೀನರು ಬೇಕಾಗುತ್ತಿತ್ತು.

ಪಕ್ಕದ ಹಾಸಿಗೆಯಲ್ಲೊಬ್ಬರು ಟೈಲರ್ ಇದ್ದಾರೆ. ಬಂದಾಗಿನಿಂದ ಗೋಡೆ ಕಡೆ ಮುಖ ಮಾಡಿ ಮಲಗಿದವರು, ಯಾರೊಡನೆಯೂ ಮಾತಿಲ್ಲ. ಹೋದ ವಾರ ಮೆಲ್ಲಗೆ ಈ ಕಡೆ ತಿರುಗಿದರು.

"ಲಾರಿ ಯಾವ ಕಡೆ ಹೊರಟಿದೆಯಮ್ಮ?"

"ಸಮುದ್ರದ ಕಡೆಗೆ. ಬರ್ತೀರಾ?"

"ಜಾಗ ಇದ್ಯಾ?"

"ಪಕ್ಕದ ಸೀಟು ಖಾಲಿನೇ ಇದೆ."

ಅವತ್ತಿನಿಂದ ಅವರಿಗೆ ಕಾಣುವ ಹಾಗೆ ಪರದೆಯನ್ನು ತಿರುಗಿಸಿ ಇಡುತ್ತಾಳೆ. ತಿರುವು ಬಂದರೆ ಅವರು ಎಚ್ಚರಿಸುತ್ತಾರೆ. "ಲಾರಿ ಎಲ್ಲಿಗಾದ್ರೂ ಹೋಗ್ಲಿ, ಹಾರನ್ ಮಾತ್ರ ಹೊಡೀಬೇಡಿ" ಎಂದು ನರ್ಸಮ್ಮ ಗದರುತ್ತಾರೆ, ಗದರಿ ತಾವೇ ಬಗ್ಗಿ ನೋಡುತ್ತಾರೆ.

ಇಷ್ಟು ವರ್ಷ ಒಟ್ಟಿಗೆ ಬಾಳಿಯೂ ಈ ಹೆಂಗಸಿನ ಗಟ್ಟಿತನ ನನಗೆ ಪೂರ್ತಿ ಗೊತ್ತಿರಲಿಲ್ಲ. ನಿನಗೂ ಅದರಲ್ಲಿ ಅರ್ಧವಾದರೂ ಬಂದಿರಲಿ. ನೀನೂ ಅಳಿಯಂದಿರೂ ನೂರು ಕಾಲ ನಗುನಗುತ್ತಾ ಇರಿ.

ನಿನ್ನ
ಅಪ್ಪ

ಮರೆತ ಮಾತು (ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು): ಅವಳ ಕಾಯಿಲೆ ಗೊತ್ತಾದ ಹೊಸತರಲ್ಲಿ, "ಅಮ್ಮನಿಗೆ ಸುಸ್ತಾಗುತ್ತೆ, ಇನ್ಮೇಲೆ ಆಟಕ್ಕೆ ಕರೀಬೇಡ" ಎಂದು ನಾನು ನಿನಗೆ ಫೋನಿನಲ್ಲಿ ಹೇಳಿದ್ದೆ. ನೀನು ನನ್ನ ಮಾತು ಕೇಳಿ ಅವಳ ಜೊತೆ ಆನ್‌ಲೈನಿನಲ್ಲಿ ಆಡುವುದನ್ನು ಬಿಟ್ಟೆ. ಹಾಗೆ ಹೇಳಿದ್ದು ನಾನೇ ಎಂದು ಅವಳಿಗೆ ಇವತ್ತಿನವರೆಗೂ ತಿಳಿಸಿಲ್ಲ. ಮೊನ್ನೆ ಟೈಲರ್, "ಜೊತೆಗೆ ಆಡೋರು ಯಾರೂ ಇಲ್ವಾ?" ಎಂದು ಕೇಳಿದರು. "ಮಗಳು ಆಡ್ತಿದ್ಲು. ನನ್ನ ಜೊತೆ ಆಡಿ ಆಡಿ ಬೇಜಾರಾಯ್ತೇನೋ" ಎಂದಳು. ನಾನು ಪಕ್ಕದಲ್ಲೇ ಕೂತಿದ್ದೆ. ಇದನ್ನು ಅಂಚೆಗೆ ಹಾಕಿ ಬಂದು ಎಲ್ಲವನ್ನೂ ಹೇಳುತ್ತೇನೆ, ಬೈದರೆ ಬೈಯಲಿ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಎಂಟಕ್ಕೆ ಅವಳು ಆಟ ತೆರೆಯುತ್ತಾಳೆ.