ಬಂಡೆ ಪಕ್ಕದ ಮಣ್ಣು

ಚಿತ್ತಣ್ಣ,

ಕುರಿ ಮಂದೆ ಹೊಡೆದುಕೊಂಡು ನೀನೀಗ ಯಾವ ಊರಲ್ಲಿದ್ದೀಯೋ ಗೊತ್ತಿಲ್ಲ. ಆದರೂ ಇದನ್ನು ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ? ಇವತ್ತು ಮಣ್ಣು ಪರೀಕ್ಷೆ ಮಾಡುವ ರಂಜಿತಾ ಎಂಬ ಹುಡುಗಿ ನಮ್ಮ ದೇವಸಮುದ್ರದ ಹೊಲಕ್ಕೆ ಬಂದಿದ್ದಳು. ಶೇಂಗಾ ಸಾಲಿನ ಮಣ್ಣನ್ನು ಗಾಜಿನ ಬಟ್ಟಲಿಗೆ ಹಾಕಿ ಏನೋ ದ್ರಾವಣ ಬಿಟ್ಟಳು. ಮಣ್ಣು ಸುಮ್ಮನಿತ್ತು. ಬಂಡೆ ಪಕ್ಕದ ಮಣ್ಣಿಗೆ ಬಿಟ್ಟಾಗ ಮಾತ್ರ ಹಾಲು ಉಕ್ಕಿದಂತೆ ನೊರೆ ಬಂತು.

"ಕೊಳೆತ ಬೇರು, ಗೊಬ್ಬರ ಇದ್ರೆ ಹಿಂಗೆ ನೊರೆ ಬರ್ತೈತೆ. ಇಲ್ಲೇನು ಹಾಕಿದ್ರಿ?" ಎಂದಳು.

"ನಾನೇನೂ ಹಾಕಿಲ್ಲ. ಬೇಸಿಗೇಲಿ ನಮ್ಮ ಚಿತ್ತಣ್ಣ ಕುರಿ ನಿಲ್ಲಿಸ್ತಿದ್ದ."

ಕುರಿ ಗೊಬ್ಬರವೋ, ಬಂಡೆಯ ಹತ್ತಿರ ಟ್ರ್ಯಾಕ್ಟರ್ ತಿರುಗದೆ ಅಷ್ಟು ಮಣ್ಣು ಉಳುಮೆ ತಪ್ಪಿಸಿಕೊಂಡದ್ದೋ, ಕಾರಣ ಯಾವುದೆಂದು ಅವಳಿಗೂ ಖಚಿತವಿಲ್ಲ. ಉತ್ತ ಜಾಗದಲ್ಲೂ ನೀನು ಮಂದೆ ನಿಲ್ಲಿಸಿದ್ದರೆ, ಅಲ್ಲಿನ ಮಣ್ಣು ನೋಡಿ ಹೇಳಬಹುದಂತೆ. ಎಲ್ಲೆಲ್ಲಿ ನಿಲ್ಲಿಸಿದ್ದೆ? ನಾನು ಗಮನಿಸಿಯೇ ಇರಲಿಲ್ಲ. ಬಂಡೆ ಪಕ್ಕದ ಮಣ್ಣನ್ನೇ ಇನ್ನೊಂದು ಚಿಟಿಕೆ ತಂದು ಹಾಕಿ ನೋಡಿದೆ. ಮತ್ತೆ ಉಕ್ಕಿತು.

ಹೊರಡುವಾಗ ಅವಳು, "ಈಗ್ಯಾಕೆ ಕುರಿ ಬರಲ್ಲ?" ಎಂದು ಕೇಳಿದಳು.

ಹೊಲದ ಸುತ್ತ ನಾನೇ ಹಾಕಿಸಿದ ಮುಳ್ಳುತಂತಿಯನ್ನು ಎತ್ತಿ ಹಿಡಿದೆ. ಅವಳು ಬಗ್ಗಿ ಆಚೆ ದಾಟಿದಳು.